ಚೌಕಾಬಾರಕ್ಕೆ ಕೂರುವ ಮುನ್ನ: ಮನೆ ಬರೆಯುವುದರಿಂದ ಕಾಯಿ ಹಣ್ಣಾಗುವವರೆಗೆ

ಹಬ್ಬದ ಮಧ್ಯಾಹ್ನ ಊಟ ಮುಗಿದು, ಎಲೆ ಅಡಿಕೆಯ ತಟ್ಟೆ ಒಂದು ಸುತ್ತು ಬಂದ ಮೇಲೆ, ನೆಂಟರಿಂದ ತುಂಬಿದ ಮನೆಯಲ್ಲಿ ಒಬ್ಬೊಬ್ಬರೂ ಒಂದೊಂದು ಮೂಲೆಯಲ್ಲಿ ಮೊಬೈಲು ಹಿಡಿದು ಕೂರುವ ಹೊತ್ತಿದೆಯಲ್ಲ, ಚೌಕಾಬಾರಕ್ಕೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಎಂಟು ವರ್ಷದ ಮಗುವೂ ಎಪ್ಪತ್ತು ದಾಟಿದ ಅಜ್ಜಿಯೂ ಒಬ್ಬರಿಗೊಬ್ಬರು ರಿಯಾಯಿತಿ ತೋರಿಸದೆ ಆಡಬಹುದಾದ ಆಟಗಳು ಬಹಳ ಇಲ್ಲ, ಇದು ಅಂಥವುಗಳಲ್ಲೊಂದು. ಊರೂರಿಗೆ ಇದರ ಹೆಸರು ಬೇರೆ. ಕೆಲವರು ಚಕ್ಕಾರ ಎನ್ನುತ್ತಾರೆ, ಕೆಲವರು ಕಟ್ಟೆಮನೆ ಎನ್ನುತ್ತಾರೆ, ತೆಲುಗು ಮಾತಾಡುವ ಮನೆಗಳಲ್ಲಿ ಇದೇ ಅಷ್ಟಾಚಮ್ಮ. ಹೆಸರಿನಂತೆ ನಿಯಮಗಳೂ ಮನೆಯಿಂದ ಮನೆಗೆ ಬದಲಾಗುತ್ತವೆ. ನಾನು ಕಂಡಂತೆ ಆಟ ಅರ್ಧಕ್ಕೆ ನಿಲ್ಲುವುದು ಯಾರೋ ಸೋತರು ಎಂಬ ಕಾರಣಕ್ಕಲ್ಲ, ನಿಯಮವನ್ನು ಮೊದಲೇ ಮಾತಾಡಿಕೊಂಡಿರಲಿಲ್ಲ ಎಂಬ ಕಾರಣಕ್ಕೆ. ಆದ್ದರಿಂದ ಇಲ್ಲಿ ಆಡುವ ಕ್ರಮದ ಜೊತೆಗೆ, ಆಡುವ ಮುಂಚೆ ತೀರ್ಮಾನಿಸಿಕೊಳ್ಳಬೇಕಾದ ವಿಷಯಗಳನ್ನೂ ವಿವರವಾಗಿ ಬರೆಯುತ್ತಿದ್ದೇನೆ.

ಬೇಕಾಗುವ ಸಾಮಾನುಗಳು ಕಡಿಮೆ. ಮೊದಲನೆಯದು ನಾಲ್ಕು ಕವಡೆ. ಪೂಜಾ ಸಾಮಗ್ರಿ ಮಾರುವ ಗ್ರಂಥಿಗೆ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತವೆ. ಕೊಳ್ಳುವಾಗ ನಾಲ್ಕೂ ಒಂದೇ ಅಳತೆಯವಾಗಿರುವಂತೆ ಆರಿಸಿಕೊಳ್ಳಿ. ಅಂಗೈಯಲ್ಲಿ ಕುಲುಕಿ, ಅಂಗಡಿಯ ಕಟ್ಟೆಯ ಮೇಲೆಯೇ ನಾಲ್ಕಾರು ಸಲ ಹಾಕಿ ನೋಡಿ, ಯಾವುದಾದರೂ ಒಂದು ಕವಡೆ ಪ್ರತಿ ಸಲವೂ ಒಂದೇ ಮಗ್ಗುಲಿಗೆ ಬೀಳುತ್ತಿದ್ದರೆ ಅದನ್ನು ಬದಲಾಯಿಸಿ. ಕವಡೆ ಇಲ್ಲದಿದ್ದರೆ ಹುಣಿಸೆಬೀಜ ಸಾಕು. ಎರಡು ದೊಡ್ಡ ಬೀಜಗಳನ್ನು ನಡುವೆ ಸೀಳಿದರೆ ನಾಲ್ಕು ಹೋಳುಗಳಾಗುತ್ತವೆ, ಒಂದು ಮಗ್ಗುಲು ಕಂದು, ಇನ್ನೊಂದು ಬಿಳಿ. ಸೀಳಲು ಬರದಿದ್ದರೆ ನಾಲ್ಕು ಬೀಜಗಳನ್ನು ಒರಟು ಕಲ್ಲಿಗೆ ಒಂದೇ ಮಗ್ಗುಲಾಗಿ, ಬಿಳುಪು ಕಾಣುವವರೆಗೆ ಉಜ್ಜಬೇಕು. ಉಜ್ಜುವಾಗ ಬೀಜ ಬಿಸಿಯಾಗಿ ಬೆರಳು ಸುಡುವುದರಿಂದ ಮಕ್ಕಳ ಕೈಗೆ ಈ ಕೆಲಸವನ್ನು ಪೂರ್ತಿ ಬಿಡಬೇಡಿ.

ಕಾಯಿಗಳು ಒಬ್ಬರಿಗೆ ನಾಲ್ಕು. ನಮ್ಮ ಮನೆಯಲ್ಲಿ ಒಡೆದ ಬಳೆಯ ಚೂರುಗಳನ್ನು ಬಣ್ಣಬಣ್ಣವಾಗಿ ಬೇರ್ಪಡಿಸಿ ಒಂದು ಡಬ್ಬಿಯಲ್ಲಿ ಇಟ್ಟಿರುತ್ತಿದ್ದರು: ಹಸಿರು ಒಬ್ಬರಿಗೆ, ಕೆಂಪು ಒಬ್ಬರಿಗೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಗಾಜಿನ ಚೂರಿನ ಬದಲು ಅಂಗಿಯ ಗುಂಡಿ, ಅವರೆಕಾಳು, ಕಾಫಿಬೀಜ, ಸಣ್ಣ ಕಲ್ಲು ಇವುಗಳನ್ನು ಬಳಸುವುದು ಕ್ಷೇಮ. ಒಬ್ಬರ ಕಾಯಿ ಇನ್ನೊಬ್ಬರದಕ್ಕಿಂತ ದೂರದಿಂದಲೇ ಬೇರೆ ಎಂದು ಗೊತ್ತಾಗಬೇಕು, ಅಷ್ಟೇ.

ಇನ್ನು ಮನೆ ಬರೆಯುವುದು. ಗಾರೆ ನೆಲವಿದ್ದರೆ ಸೀಮೆಸುಣ್ಣದಿಂದ ನೆಲದ ಮೇಲೆಯೇ ಬರೆಯಬಹುದು. ಈಗಿನ ನುಣುಪಾದ ಟೈಲ್ಸ್ ಮೇಲೆ ಸೀಮೆಸುಣ್ಣ ನಿಲ್ಲುವುದಿಲ್ಲ, ಎರಡು ಸಲ ಸೀರೆಯ ಸೆರಗು ತಾಕಿದರೆ ಗೆರೆ ಮಾಯವಾಗುತ್ತದೆ; ಅಂಥಲ್ಲಿ ಹಳೆಯ ಕ್ಯಾಲೆಂಡರಿನ ಹಿಂಬದಿಯೋ ದಪ್ಪ ರಟ್ಟೋ ಒಳ್ಳೆಯದು. ಹಿಂದಿನವರು ಗೆರೆ ಅಳಿಯದಿರಲೆಂದು ಕಲ್ಲಿನ ಮೇಲೆಯೇ ಕೊರೆದುಕೊಳ್ಳುತ್ತಿದ್ದರು. ಹಂಪಿಯ ಮಂಟಪಗಳ ಹಾಸುಗಲ್ಲನ್ನು ಬಗ್ಗಿ ನೋಡಿದರೆ ಅಂಥ ಆಟದ ಮನೆಗಳು ಇಂದಿಗೂ ಕಾಣುತ್ತವೆ. ಉದ್ದಕ್ಕೆ ಐದು, ಅಡ್ಡಕ್ಕೆ ಐದು, ಒಟ್ಟು 25 ಮನೆಗಳ ಚೌಕ ಬರೆಯಿರಿ. ಪ್ರತಿ ಬದಿಯ ನಡುವಿನ ಮನೆಗೆ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಗುಣಿಸುವ ಗುರುತು ಹಾಕಿ. ಈ ನಾಲ್ಕು ಮನೆಗಳೇ ಕಟ್ಟೆಗಳು. ಆ ಬದಿಯಲ್ಲಿ ಕುಳಿತವರ ಕಾಯಿಗಳು ಆ ಕಟ್ಟೆಯಿಂದ ಹೊರಡುತ್ತವೆ. ನಟ್ಟನಡುವಿನ ಮನೆಗೂ ಅದೇ ಗುರುತು, ಅಲ್ಲಿ ಕಾಯಿ ಹಣ್ಣಾಗುತ್ತದೆ. ಒಂದು ಮನೆ ಮೂರು ಬೆರಳಿನಷ್ಟಾದರೂ ಅಗಲವಿರಲಿ. ಕಟ್ಟೆಯಲ್ಲಿ ನಾಲ್ಕೈದು ಕಾಯಿಗಳು ಒಟ್ಟಿಗೆ ಕೂರುವ ಸಂದರ್ಭ ಬರುತ್ತದೆ, ಕಿರಿದಾದ ಮನೆಯಲ್ಲಿ ಒಂದರ ಮೇಲೊಂದು ಬಿದ್ದು ಗೊಂದಲವಾಗುತ್ತದೆ.

ಕವಡೆ ಎಣಿಸುವ ಕ್ರಮ ಹೀಗೆ: ಬಾಯಿ ಮೇಲಾಗಿ ಬಿದ್ದ ಕವಡೆಗಳು ಎಷ್ಟೋ ಅಷ್ಟು ಗರ. ಒಂದು, ಎರಡು, ಮೂರು ಬಿದ್ದರೆ ಅಷ್ಟೇ ಮನೆ ನಡೆಸಬೇಕು. ನಾಲ್ಕೂ ಬಾಯಿ ಮೇಲಾದರೆ ಚೌಕ, ಅಂದರೆ ನಾಲ್ಕು. ನಾಲ್ಕೂ ಕವುಚಿ ಬಿದ್ದರೆ ಬಾರ, ಅಂದರೆ ಎಂಟು. ಚೌಕವೋ ಬಾರವೋ ಬಿದ್ದವರು ಇನ್ನೊಮ್ಮೆ ಕವಡೆ ಹಾಕುತ್ತಾರೆ. ಬಂದ ಗರಗಳನ್ನು ಒಂದೇ ಕಾಯಿಗೆ ಕೊಡಬಹುದು, ಬೇರೆ ಬೇರೆ ಕಾಯಿಗಳಿಗೂ ಹಂಚಬಹುದು, ಆದರೆ ಒಂದು ಗರವನ್ನು ಒಡೆದು ಎರಡು ಕಾಯಿಗಳಿಗೆ ಕೊಡುವಂತಿಲ್ಲ.

ಕಾಯಿ ನಿಮ್ಮ ಕಟ್ಟೆಯಿಂದ ಹೊರಟು ನಿಮ್ಮ ಬಲಗೈ ಕಡೆಗೆ, ಗಡಿಯಾರದ ಮುಳ್ಳಿಗೆ ಎದುರಾಗಿ, ಹೊರಸುತ್ತಿನ ಹದಿನಾರು ಮನೆಗಳನ್ನು ಬಳಸುತ್ತದೆ. ನಿಮ್ಮ ಕಟ್ಟೆಯ ಎಡ ಮಗ್ಗುಲಿನ ಮನೆಗೆ ಬಂದಲ್ಲಿಗೆ ಆ ಸುತ್ತು ಮುಗಿಯಿತು. ಅಲ್ಲಿಂದ ನೇರ ಮೇಲಿನ ಮನೆಗೆ ಹತ್ತಿ ಒಳಸುತ್ತಿಗೆ ಸೇರಬೇಕು; ಈಗ ನಡೆ ತಿರುಗುತ್ತದೆ, ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ಎಂಟು ಮನೆ. ಕೊನೆಯ ಮನೆ ನಿಮ್ಮ ಕಟ್ಟೆಗೆ ನೇರ ಎದುರಿಗಿದೆ, ಅದರ ಮುಂದಿನದೇ ನಡುಮನೆ. ಒಟ್ಟು 24 ಹೆಜ್ಜೆ. ದಾರಿಯಲ್ಲಿ ಬೇರೆಯವರ ಕಾಯಿ ಇರುವ ಮನೆಗೆ ನಿಮ್ಮ ಗರ ಸರಿಯಾಗಿ ತಲುಪಿದರೆ ಆ ಕಾಯಿಯನ್ನು ಕಡಿದಂತೆ. ಅದು ತನ್ನ ಕಟ್ಟೆಗೆ ಹಿಂದಿರುಗಿ ಮೊದಲಿನಿಂದ ಹೊರಡಬೇಕು, ಕಡಿದವರಿಗೆ ಇನ್ನೊಂದು ಗರ ಸಿಗುತ್ತದೆ. ಕಟ್ಟೆಯ ಮೇಲಿರುವ ಕಾಯಿಯನ್ನು ಯಾರೂ ಕಡಿಯುವಂತಿಲ್ಲ, ಅದು ಯಾರ ಕಟ್ಟೆಯಾದರೂ ಸರಿ. ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ನಾಲ್ಕೂ ಕಾಯಿಗಳನ್ನು ಮೊದಲು ಹಣ್ಣು ಮಾಡಿದವರು ಗೆದ್ದಂತೆ.

ಇಷ್ಟರವರೆಗೆ ಹೆಚ್ಚಿನ ಮನೆಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಜಗಳ ಹುಟ್ಟುವುದು ಇದರಾಚೆ. ನನಗೆ ಹತ್ತು ವರ್ಷವಿದ್ದಾಗ ಒಂದು ಸಂಜೆ ಕೊನೆಯ ಕಾಯಿ ಹಣ್ಣಾಗಲು ನಾಲ್ಕು ಮನೆ ಬೇಕಿತ್ತು. ಕವಡೆ ಹಾಕಿದೆ, ಮೂರು ಬಾಯಿ ಮೇಲಾಗಿ ಬಿದ್ದವು, ನಾಲ್ಕನೆಯದು ಉರುಳಿ ಹೋಗಿ ಗೋಡೆಗೆ ಒರಗಿ, ಬಾಯಿ ಅತ್ತಲೂ ಅಲ್ಲದೆ ಇತ್ತಲೂ ಅಲ್ಲದೆ ನಿಂತಿತು. ನಾನು ಚೌಕ ಎಂದೆ, ಅಣ್ಣ ಮೂರು ಎಂದ. ಮಾತಿಗೆ ಮಾತು ಬೆಳೆದು ಅಣ್ಣ ಎದ್ದುಹೋದ. ಮರುದಿನ ಸೋದರತ್ತೆ ಹಳೆಯ ಪಂಚೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, "ಇದರ ಮೇಲೆ ಬಿದ್ದದ್ದಷ್ಟೇ ಗರ. ಹೊರಗೆ ಹೋದ್ರೆ, ಒರಗಿ ನಿಂತ್ರೆ, ಇನ್ನೊಂದ್ಸಲ ಹಾಕಿ" ಎಂದರು. ಆಮೇಲೆ ನಮ್ಮ ಮನೆಯಲ್ಲಿ ಆ ಕಾರಣಕ್ಕೆ ಆಟ ನಿಂತದ್ದಿಲ್ಲ. ನೀವೂ ಮಡಿಸಿದ ಬಟ್ಟೆಯೊಂದನ್ನು ಹಾಸಿಕೊಳ್ಳಿ. ಕವಡೆ ಉರುಳಿ ಮಂಚದಡಿ ಸೇರುವುದೂ, ಟೈಲ್ಸ್ ಮೇಲೆ ಬಿದ್ದು ಮಲಗಿದವರ ನಿದ್ದೆ ಕೆಡುವುದೂ ತಪ್ಪುತ್ತದೆ.

ಕೂರುವ ಮುನ್ನ ತೀರ್ಮಾನವಾಗಬೇಕಾದ ಬೇರೆ ಸಂಗತಿಗಳೂ ಇವೆ. ಕಟ್ಟೆಯಿಂದ ಕಾಯಿ ಹೊರಡಿಸಲು ಯಾವ ಗರವಾದರೂ ನಡೆಯುತ್ತದೆಯೇ, ಇಲ್ಲವೆ ಒಂದು, ಚೌಕ, ಬಾರಗಳಲ್ಲಿ ಒಂದು ಬೀಳಲೇಬೇಕೇ? ಯಾವ ಗರಕ್ಕಾದರೂ ಹೊರಡಲು ಬಿಟ್ಟರೆ ಮಕ್ಕಳಿಗೆ ಕಾಯುವ ಬೇಸರವಿರುವುದಿಲ್ಲ. ಸತತವಾಗಿ ಮೂರು ಸಲ ಚೌಕವೋ ಬಾರವೋ ಬಿದ್ದರೆ ಮೂರೂ ರದ್ದಾಗುತ್ತವೆಯೇ? ಒಂದೇ ಮನೆಯಲ್ಲಿ ಒಬ್ಬರದೇ ಎರಡು ಕಾಯಿಗಳು ಕೂಡಿದರೆ ಅವನ್ನು ಜೋಡಿ ಎಂದು ಎಣಿಸಿ ಒಂಟಿ ಕಾಯಿ ಕಡಿಯದಂತೆ ತಡೆಯುತ್ತೀರೋ, ಎರಡನ್ನೂ ಒಟ್ಟಿಗೆ ಕಡಿಯಲು ಬಿಡುತ್ತೀರೋ? ಇನ್ನೂ ಯಾರನ್ನೂ ಕಡಿಯದವರ ಕಾಯಿ ಹೊರಸುತ್ತು ಮುಗಿಸಿದರೆ ಅಲ್ಲೇ ಕಾಯುತ್ತದೆಯೋ, ಇನ್ನೊಂದು ಸುತ್ತು ಹೊರಡುತ್ತದೆಯೋ? ನನ್ನ ಅನುಭವದಲ್ಲಿ ಇನ್ನೊಂದು ಸುತ್ತು ಹೋಗುವುದೇ ಮೇಲು; ಕಾದು ಕೂತ ಕಾಯಿ ಆಟದ ಓಟವನ್ನು ಕುಗ್ಗಿಸುತ್ತದೆ. ಇವುಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಎಂಬುದಿಲ್ಲ. ಬೇರೆ ಬೇರೆ ಊರುಗಳಿಂದ ಬಂದ ಸೊಸೆಯಂದಿರು, ಅಳಿಯಂದಿರು ಸೇರಿರುವ ಮನೆಯಲ್ಲಿ ಒಬ್ಬೊಬ್ಬರ ತವರಿನ ನಿಯಮವನ್ನೂ ಒಂದು ದಿನ ಆಡಿ ನೋಡಬಹುದು. ಆದರೆ ಮೊದಲ ಗರ ಬಿದ್ದ ಮೇಲೆ ಆ ಆಟ ಮುಗಿಯುವ ತನಕ ನಿಯಮ ಬದಲಾಗಬಾರದು.

ಚೌಕಾಬಾರ ಬರೀ ಅದೃಷ್ಟದ ಆಟವೆಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಕವಡೆ ಬಾಯಿ ಮೇಲಾಗುವುದೂ ಕವುಚಿ ಬೀಳುವುದೂ ಸಮಸಮ ಎಂದು ಹಿಡಿದರೆ ನಾಲ್ಕು ಕವಡೆಗಳು 16 ಬಗೆಯಲ್ಲಿ ಬೀಳಬಹುದು. ಅವುಗಳಲ್ಲಿ ಎರಡು ಬರುವ ಬಗೆಗಳು 6, ಒಂದು ಮತ್ತು ಮೂರು ಬರುವ ಬಗೆಗಳು ತಲಾ 4, ಚೌಕ ಮತ್ತು ಬಾರಕ್ಕೆ ತಲಾ 1. ಎಲ್ಲಕ್ಕಿಂತ ಹೆಚ್ಚು ಬೀಳುವ ಗರ ಎರಡು ಎಂದಾಯಿತು. ಈಗ ಮಣೆಯನ್ನು ನೋಡಿ: ಪ್ರತಿ ಕಟ್ಟೆಯಿಂದ ಎರಡು ಮನೆ ಮುಂದಿರುವುದು ಯಾವುದು? ಚೌಕದ ಮೂಲೆ. ಹಾಗಾಗಿ ಯಾರದೇ ಕಟ್ಟೆಯಲ್ಲಿ ಹೊರಡಲು ಕಾಯಿ ಕಾದು ಕೂತಿರುವಾಗ ಅದರ ಮುಂದಿನ ಮೂಲೆಯಲ್ಲಿ ನಿಮ್ಮ ಕಾಯಿಯನ್ನು ನಿಲ್ಲಿಸಬೇಡಿ, ಅದಕ್ಕಿಂತ ಅಪಾಯದ ಜಾಗ ಮಣೆಯಲ್ಲಿಲ್ಲ. ಮೂಲೆಯ ಹಿಂದಿನ ಅಥವಾ ಮುಂದಿನ ಮನೆ ಸ್ವಲ್ಪ ವಾಸಿ. ಎದುರಾಳಿಯ ಕಾಯಿಗಿಂತ ನಿಮ್ಮ ಕಾಯಿ ಐದು, ಆರು ಅಥವಾ ಏಳು ಮನೆ ಮುಂದಿದ್ದರೆ ಆ ಕಾಯಿಯ ಭಯ ಬಹುಮಟ್ಟಿಗೆ ಇಲ್ಲ, ಏಕೆಂದರೆ ಅಷ್ಟು ದೂರವನ್ನು ಒಂದೇ ಗರದಲ್ಲಿ ಮುಟ್ಟಲು ಸಾಧ್ಯವೇ ಇಲ್ಲ; ಮೊದಲು ಚೌಕ ಬಿದ್ದು, ಮತ್ತೆ ಬೇಕಾದ ಗರವೇ ಬೀಳಬೇಕು. ಎಂಟು ಮನೆ ಮುಂದಿದ್ದಾಗ ಮಾತ್ರ ಬಾರವನ್ನು ನೆನಪಿನಲ್ಲಿಡಿ.

ಹಣ್ಣಾಗುವ ಹೊತ್ತಿನಲ್ಲೂ ಇದೇ ಲೆಕ್ಕ ನೆರವಿಗೆ ಬರುತ್ತದೆ. ನಡುಮನೆಗೆ ಸರಿಯಾದ ಗರವೇ ಬೇಕು, ಹೆಚ್ಚಾದರೆ ಕಾಯಿ ಕದಲುವಂತಿಲ್ಲ. ಎರಡು ಮನೆ ಉಳಿದಿರುವ ಕಾಯಿಗೆ 16ರಲ್ಲಿ 6 ಪಾಲು ಅವಕಾಶವಿದೆ, ಒಂದೇ ಮನೆ ಉಳಿದಿರುವ ಕಾಯಿಗೆ 4 ಪಾಲು ಮಾತ್ರ. ಬಾಗಿಲಿಗೆ ಹತ್ತಿರವಾಗಲಿ ಎಂದು ಅವಸರದಿಂದ ಒಂದು ಮನೆ ಮುಂದೆ ತಳ್ಳುವ ಬದಲು, ಆ ಒಂದನ್ನು ಬೇರೆ ಕಾಯಿಗೆ ಕೊಡುವುದು ಜಾಣತನ. ಆದರೆ ಒಳಸುತ್ತಿನಲ್ಲಿ ಕಟ್ಟೆ ಇಲ್ಲ ಎಂಬುದನ್ನು ಮರೆಯಬಾರದು. ಅಲ್ಲಿಗೆ ಬಂದ ಬೇರೆಯವರ ಕಾಯಿ ನಿಮ್ಮದನ್ನು ಕಡಿಯಬಹುದು, ಇಪ್ಪತ್ತೆರಡು ಹೆಜ್ಜೆ ನಡೆದ ಕಾಯಿ ಒಂದೇ ಗರಕ್ಕೆ ಮೊದಲಿನ ಜಾಗಕ್ಕೆ ಬರುತ್ತದೆ.

ಕೂರುವ ವ್ಯವಸ್ಥೆಯ ಬಗ್ಗೆ ಎರಡು ಮಾತು. ಇಬ್ಬರೇ ಇದ್ದರೆ ಎದುರುಬದುರು ಕುಳಿತುಕೊಳ್ಳಿ. ನಾಲ್ಕಕ್ಕಿಂತ ಹೆಚ್ಚು ಜನರಿದ್ದರೆ ಇಬ್ಬಿಬ್ಬರು ಒಂದೊಂದು ಬದಿಗೆ ಕುಳಿತು, ಒಬ್ಬರು ಕವಡೆ ಹಾಕಿ ಇನ್ನೊಬ್ಬರು ಕಾಯಿ ನಡೆಸಬಹುದು. ಮಂಡಿ ನೋವಿರುವ ಹಿರಿಯರನ್ನು ನೆಲದ ಮೇಲೆ ಕೂರಿಸುವ ಬದಲು ರಟ್ಟಿನ ಮಣೆಯನ್ನು ಎತ್ತರದ ಸ್ಟೂಲಿನ ಮೇಲಿಟ್ಟು ಅವರನ್ನು ಕುರ್ಚಿಯಲ್ಲಿ ಕೂರಿಸಿ. ಕಣ್ಣು ಮಂಜಾದವರ ಪರವಾಗಿ ಗರವನ್ನು ಗಟ್ಟಿಯಾಗಿ ಕೂಗಿ ಹೇಳುವ ಕೆಲಸವನ್ನು ಒಂದು ಮಗುವಿಗೆ ಒಪ್ಪಿಸಿದರೆ, ಆ ಮಗು ಎಣಿಕೆಯನ್ನೂ ಕಲಿಯುತ್ತದೆ, ಆಟದ ಪಕ್ಕದಿಂದ ಕದಲುವುದೂ ಇಲ್ಲ. ಪುರಿ, ಹುರಿಗಡಲೆ ತಿನ್ನುವುದಿದ್ದರೆ ತಟ್ಟೆಯನ್ನು ಮಣೆಯಿಂದ ಒಂದು ಮಾರು ದೂರವಿಡಿ. ಕಾಳುಗಳನ್ನೇ ಕಾಯಿ ಮಾಡಿಕೊಂಡ ಆಟದಲ್ಲಿ ಮಾತಿನ ಭರದಲ್ಲಿ ಕಾಯಿಯೇ ಬಾಯಿಗೆ ಹೋದದ್ದುಂಟು. ಒಬ್ಬರ ಕಾಯಿಗಳು ಯಾರೂ ಕಡಿಯದಿದ್ದರೂ ಒಟ್ಟು 96 ಹೆಜ್ಜೆ ನಡೆಯಬೇಕು, ಒಂದು ಗರಕ್ಕೆ ಸರಾಸರಿ ಎರಡೂವರೆ ಹೆಜ್ಜೆಯಂತೆ ನಲವತ್ತು ಗರಗಳ ಹತ್ತಿರ ಬೇಕು. ಹೊರಡುವ ಬಸ್ಸಿಗೆ ಅರ್ಧ ಗಂಟೆಯಿದೆ ಎನ್ನುವಾಗ ನಾಲ್ಕು ಜನರ ಆಟ ಹೂಡಬೇಡಿ. ಆಗ ಒಬ್ಬರಿಗೆ ಎರಡೇ ಕಾಯಿಗಳಂತೆ ಆಡುವುದು ಸರಿಹೋಗುತ್ತದೆ.

ಮುಗಿದ ಮೇಲೆ ಕವಡೆಗಳನ್ನು ಎಣಿಸಿ, ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ, ಕಾಯಿಗಳ ಜೊತೆ ಒಂದೇ ಚೀಲದಲ್ಲಿ ಕಟ್ಟಿಡಿ. ಮಣೆ ರಟ್ಟಿನದಾಗಿದ್ದರೆ ಆ ದಿನ ಒಪ್ಪಿಕೊಂಡ ನಿಯಮಗಳನ್ನು ಅದರ ಹಿಂಬದಿಯಲ್ಲಿ ಪೆನ್ನಿನಿಂದ ಬರೆದು, ಯಾವ ಹಬ್ಬ, ಯಾರು ಯಾರು ಕೂತಿದ್ದರು, ಯಾರ ಕಾಯಿ ಮೊದಲು ಹಣ್ಣಾಯಿತು ಎಂಬುದನ್ನೂ ಕೆಳಗೆ ಸೇರಿಸಿ. ನಮ್ಮ ಮನೆಯ ರಟ್ಟಿನ ಹಿಂಬದಿಯಲ್ಲಿ ಅತ್ತೆಯ ಕೈಬರಹದ ಐದು ಸಾಲುಗಳು ಇನ್ನೂ ಇವೆ, "ಒರಗಿ ನಿಂತ ಕವಡೆ ಇಲ್ಲ" ಎಂಬುದು ಅವುಗಳಲ್ಲಿ ಮೊದಲನೆಯದು.