ಚಳಿ ಹೋದ ಮೇಲೆ, ಮೋಟರ್ ಸುಡುವ ಮುಂಚೆ: ಕೆರೆ, ಹೊಳೆಯಲ್ಲಿ ಗಾಳ ಹಾಕುವ ಆರು ವಾರ

ನನ್ನದು ದಾವಣಗೆರೆಯಲ್ಲಿ ಮೋಟರ್ ರೀವೈಂಡಿಂಗ್ ಅಂಗಡಿ. ಮಾರ್ಚ್ ಅರ್ಧ ಕಳೀತು ಅಂದರೆ ಬೋರಿನ ನೀರು ಕೆಳಗಿಳಿದು, ವೋಲ್ಟೇಜ್ ಬಿದ್ದು, ಸುತ್ತಲ ಹಳ್ಳಿಗಳ ಮೋಟರುಗಳೆಲ್ಲ ಸುಟ್ಟುಕೊಂಡು ಬಂದು ಅಂಗಡಿ ಮುಂದೆ ಸಾಲಾಗಿ ಮಲಗುತ್ತವೆ. ಆಮೇಲೆ ಮಳೆ ಬೀಳೋವರೆಗೂ ನನಗೆ ಭಾನುವಾರ ಅನ್ನೋದೇ ಇಲ್ಲ. ಹಾಗಾಗಿ ಗಾಳ ಹಿಡಿಯೋಕೆ ವರ್ಷದಲ್ಲಿ ಸಿಗೋದು ಫೆಬ್ರವರಿ ಮತ್ತು ಮಾರ್ಚಿನ ಮೊದಲ ಎರಡು ವಾರ. ಇಪ್ಪತ್ತು ವರ್ಷದಿಂದ ಇದೇ ಆರು ವಾರ ನೀರಿನ ದಡದಲ್ಲಿ ಕೂತಿದ್ದೇನೆ. ಮಳೆಗಾಲದ ಮೀನಿನ ಬಗ್ಗೆ ಕೇಳಿದರೆ ನನಗೆ ಬಾಯಿಲ್ಲ. ಈ ಆರು ವಾರದ ಬಗ್ಗೆ ಮಾತ್ರ ನಾಲ್ಕು ಮಾತು ಹೇಳಬಲ್ಲೆ.

ಹೋದ ವರ್ಷ ತಮ್ಮನ ಮಗ ಹಿಮಾಚಲಕ್ಕೆ ಹೋಗಿ ಟ್ರೌಟ್ ಮೀನು ಹಿಡಿದು ಬಂದ. ಅಲ್ಲಿ ನವೆಂಬರಿನಿಂದ ಫೆಬ್ರವರಿ ಕೊನೆವರೆಗೆ ಟ್ರೌಟ್ ಹಿಡಿಯಂಗಿಲ್ಲ, ಮಾರ್ಚಿನಲ್ಲಿ ಬಾಗಿಲು ತೆಗೀತಾರೆ. ಹಿಮ ಕರಗಿದ ನೀರು ಕೈ ಇಟ್ಟರೆ ಮರಗಟ್ಟೋ ಹಂಗಿರುತ್ತಂತೆ. ಮೀನು ಹರಿವು ಬಿಟ್ಟು ಆಳದ ಮಡುವಿನಲ್ಲಿ ಅಲುಗದೆ ನಿಂತಿರುತ್ತೆ, ಬಿಸಿಲು ಏರಿ ಮಧ್ಯಾಹ್ನ ನೀರು ಒಂಚೂರು ಬೆಚ್ಚಗಾದಾಗ ಮಾತ್ರ ಬಾಯಿ ತೆಗೆಯುತ್ತೆ ಅಂದ. "ದೊಡ್ಡಪ್ಪಾ, ನಿಮ್ಮ ಸೂಳೆಕೆರೆಗೆ ಇದೆಲ್ಲಾ ಎಲ್ಲಿಂದ ಬರಬೇಕು" ಅಂತ ನಕ್ಕ. ನಮ್ಮಲ್ಲಿ ಟ್ರೌಟ್ ಬದುಕೋದಿಲ್ಲ, ಅದಕ್ಕೆ ತಣ್ಣೀರೇ ಬೇಕು, ದಕ್ಷಿಣದಲ್ಲಿ ನೀಲಗಿರಿಯಂಥ ಕಡೆ ಬಿಟ್ಟರೆ ಇಲ್ಲ. ಆದರೆ ಅವನು ಹೇಳಿದ ಲೆಕ್ಕ ಇದೆಯಲ್ಲ, ಮೀನು ಹಸಿವು ನೋಡೋಕೆ ಮುಂಚೆ ನೀರಿನ ಬಿಸಿ ನೋಡುತ್ತೆ ಅನ್ನೋದು, ಅದು ಸೂಳೆಕೆರೆ ಇರೋ ನಮ್ಮ ಚನ್ನಗಿರಿಗೂ ಒಂದೇ, ಹಿಮಾಚಲದ ಮನಾಲಿಗೂ ಒಂದೇ. ನಮ್ಮಲ್ಲಿ ಫೆಬ್ರವರಿಯಲ್ಲಿ ಒಂದು ಥರ, ಮಾರ್ಚಿನಲ್ಲಿ ಅದರ ತದ್ವಿರುದ್ಧ. ಇದು ತಿಳಿಯದೆ ನಾನು ಮೊದಲ ಐದಾರು ವರ್ಷ ಬರಿಗೈಯಲ್ಲಿ ಮನೆಗೆ ಬಂದಿದ್ದೇನೆ.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತೆ ಅಂತಾರೆ. ಅದು ನೆಲದ ಚಳಿ. ಕೆರೆ ನೀರಿನ ಚಳಿ ಇನ್ನೊಂದು ವಾರ, ಹತ್ತು ದಿನ ತಡವಾಗಿ ಹೋಗುತ್ತೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗೋ ಗಾಜಿನ ಥರ್ಮಾಮೀಟರ್ ಒಂದು ತಗೊಂಡು ದಾರಕ್ಕೆ ಕಟ್ಟಿ ಇಟ್ಟುಕೊಳ್ಳಿ. ಗಾಳ ಬಿಚ್ಚೋಕೆ ಮುಂಚೆ ದಡದ ಮೊಣಕಾಲುದ್ದ ನೀರಿಗೆ ಒಂದು ಸಲ, ಎಸೆದಷ್ಟು ದೂರದ ಆಳಕ್ಕೆ ಒಂದು ಸಲ ಇಳಿಸಿ. ಮೇಲಕ್ಕೆಳೆಯುವಾಗ ಅಂಕಿ ಬದಲಾಗದ ಹಾಗೆ ಅದರ ಬುಡಕ್ಕೆ ಸಣ್ಣ ಪ್ಲಾಸ್ಟಿಕ್ ಡಬ್ಬಿ ಕಟ್ಟಿದರೆ ನೀರು ಸಮೇತ ಬರುತ್ತೆ. ಫೆಬ್ರವರಿ ಮೊದಲ ವಾರ ಬೆಳಿಗ್ಗೆ ಆರೂವರೆಗೆ ದಡದ ನೀರು ನನಗೆ 21 ಡಿಗ್ರಿ ತೋರಿಸಿದ್ದಿದೆ, ಅದೇ ಜಾಗ ಹನ್ನೊಂದೂವರೆಗೆ 25. ಕಾಟ್ಲಾ, ರೋಹು, ಮೃಗಾಲ್ ಈ ಮೂರೂ ಮೀನು ಚೆನ್ನಾಗಿ ಮೇಯೋದು 25 ದಾಟಿದ ಮೇಲೆ. ಅಂದರೆ ಕತ್ತಲಲ್ಲೇ ಎದ್ದು ಬೈಕ್ ಹತ್ತಿ, ಮಫ್ಲರ್ ಸುತ್ತಿಕೊಂಡು ನಡುಗುತ್ತಾ ಕೂತರೆ ಮೀನೂ ಕೆಳಗೆ ನಡುಗುತ್ತಾ ಕೂತಿರುತ್ತೆ. ಫೆಬ್ರವರಿಯಲ್ಲಿ ತಿಂಡಿ ತಿಂದುಕೊಂಡೇ ಹೋಗಿ. ಒಂಬತ್ತಕ್ಕೆ ಮುಟ್ಟಿದರೆ ಸಾಕು, ಹತ್ತರಿಂದ ಒಂದರವರೆಗೆ ನಿಮ್ಮ ಹೊತ್ತು.

ಎಲ್ಲಿ ಕೂರಬೇಕು ಅನ್ನೋದೇ ಅರ್ಧ ಕೆಲಸ. ಸೂಳೆಕೆರೆಗೆ ಮೊದಲು ಹೋದಾಗ ನಾನು ಏರಿ ಮೇಲೆ, ತೂಬಿನ ಹತ್ತಿರ ನಿಂತು ಶಕ್ತಿ ಇದ್ದಷ್ಟೂ ದೂರ ಎಸೀತಿದ್ದೆ. ಆಳ ಇದ್ದಲ್ಲಿ ದೊಡ್ಡ ಮೀನು ಅನ್ನೋ ಲೆಕ್ಕ. ಕುರಿ ಮೇಯಿಸ್ತಿದ್ದ ಒಬ್ಬ ಅಜ್ಜ ಬಹಳ ಹೊತ್ತು ನೋಡಿ, "ಯಾಕ್ ತಮ್ಮಾ, ಮೀನು ಅಂಗಳದಾಗೆ ಬಿಸಿಲು ಕಾಯಿಸ್ಕಂತ ಕುಂತಾವೆ, ನೀ ಬಾವಿಗೆ ಕಲ್ಲು ಎಸೆದಂಗೆ ಎಸೀತೀಯಲ್ಲ" ಅಂದ. ನನಗೆ ಸಿಟ್ಟೇ ಬಂತು. ಆದರೆ ಅವನು ಹೇಳಿದ್ದು ಸರಿ. ಏರಿಯ ಕಡೆ ಆಳ, ಅದರ ಎದುರಿನ ಅಂಗಳದ ಕಡೆ ತೆಳುನೀರು. ತೆಳುನೀರು, ಅದರಲ್ಲೂ ಕಪ್ಪು ಮಣ್ಣಿನ ತಳ ಇರೋ ಕಡೆ, ಬಿಸಿಲಿಗೆ ಮೊದಲು ಕಾಯುತ್ತೆ. ಚಳಿ ಬಿಡುವ ಕಾಲದಲ್ಲಿ ಮೀನು ಅಲ್ಲಿಗೇ ಬರೋದು. ಮೂರರಿಂದ ಐದಡಿ ನೀರು, ಹತ್ತಿರದಲ್ಲೇ ಜೊಂಡು, ಹಿಂದೆ ಓಡಿಹೋಗೋಕೆ ಆಳ, ಈ ಮೂರೂ ಒಟ್ಟಿಗೆ ಸಿಕ್ಕಿದ ಕಡೆ ಚೀಲ ಇಳಿಸಿ.

ಗಾಳಿಯನ್ನೂ ನೋಡಬೇಕು. ಬಹಳ ಜನ ಗಾಳಿಗೆ ಬೆನ್ನು ಕೊಟ್ಟು ಕೂರ್ತಾರೆ, ಎಸೆಯೋಕೆ ಸುಲಭ ಅಂತ. ಗಾಳಿ ಮೇಲಿನ ಬೆಚ್ಚನೆ ನೀರನ್ನೂ ತೇಲೋ ಹುಳಹುಪ್ಪಡಿಯನ್ನೂ ಎದುರು ದಡಕ್ಕೆ ತಳ್ಳಿ ಗುಡ್ಡೆ ಹಾಕುತ್ತೆ. ಮುಖಕ್ಕೆ ಗಾಳಿ ಬಡಿಯೋ ದಡದಲ್ಲಿ ಕೂತರೆ ಕಣ್ಣಿಗೆ ಕಷ್ಟ, ಚೀಲಕ್ಕೆ ಲಾಭ.

ಈ ದಿನಗಳಲ್ಲಿ ಜೊಂಡಿನ ನಡುವೆ ಮುಂಜಾನೆ ದಬದಬ ಸದ್ದು ಕೇಳಿಸಿದರೆ ಅದು ಬಹುತೇಕ ಕಾಮನ್ ಕಾರ್ಪ್ ಮೀನು. ರೋಹು, ಕಾಟ್ಲಾಗಳು ಮಳೆಗಾಲದ ಹರಿಯುವ ಹೊಸನೀರಿಗೆ ಕಾಯೋವು, ನಿಂತ ಕೆರೆಯಲ್ಲಿ ಮರಿ ಮಾಡೋದಿಲ್ಲ, ಅದಕ್ಕೇ ವರ್ಷಾ ವರ್ಷಾ ಬಿತ್ತನೆ ಮರಿ ತಂದು ಬಿಡ್ತಾರೆ. ಕಾಮನ್ ಕಾರ್ಪ್ ಹಾಗಲ್ಲ. ಜನವರಿಯಿಂದ ಮಾರ್ಚಿನೊಳಗೆ ಒಂದು ಸಲ, ಜುಲೈ ಆಗಸ್ಟಿನಲ್ಲಿ ಇನ್ನೊಂದು ಸಲ, ನಿಂತ ನೀರಲ್ಲೇ ಕಳೆಗೆ ಅಂಟುವ ಮೊಟ್ಟೆ ಇಡುತ್ತೆ. ಮೊಟ್ಟೆ ಇಡೋ ಹೊತ್ತಲ್ಲಿ ಅದರ ಮೂಗಿನ ಮುಂದೆ ಹೋಳಿಗೆ ಇಟ್ಟರೂ ಮೂಸಲ್ಲ. ಅಲ್ಲಿ ಗಾಳ ಹಾಕಿ ಕೆದಕಬೇಡಿ, ಮೂವತ್ತು ಹೆಜ್ಜೆ ಆಚೆ ಹೋಗಿ. ಮೊಟ್ಟೆ ಇಟ್ಟು ಮುಗಿದ ಮೇಲೆ ಬಾಣಂತಿ ಹಸಿವು, ಎರಡು ಮೂರು ದಿನ ಬಿಟ್ಟು ಬಂದರೆ ನಿಮಗೇ ಗೊತ್ತಾಗುತ್ತೆ.

ಎರೆ, ಅಂದರೆ ಮೀನಿಗೆ ಒಡ್ಡೋ ತಿಂಡಿ, ಅದರ ವಿಷಯಕ್ಕೆ ಬಂದರೆ ಒಬ್ಬೊಬ್ಬರದು ಒಂದೊಂದು ಗುಟ್ಟು. ನನ್ನದು ಇಷ್ಟೇ: ಒಂದು ಕೆಜಿ ಶೇಂಗಾ ಹಿಂಡಿ ಹಿಂದಿನ ರಾತ್ರಿ ನೆನೆಹಾಕಿ, ಬೆಳಿಗ್ಗೆ ಅರ್ಧ ಕೆಜಿ ಅಕ್ಕಿ ತೌಡು, ಒಂದು ಹಿಡಿ ಹುರಿದ ಮೆಂತ್ಯದ ಪುಡಿ ಕಲಸಿ ಲಿಂಬೆಗಾತ್ರದ ಉಂಡೆ. ಇದು ನೀರಿಗೆ ಹಾಕಿ ಮೀನು ಕರೆಯೋಕೆ. ತಣ್ಣೀರಿನ ದಿನ ಮೂರು ಉಂಡೆ ಸಾಕು, ಹೆಚ್ಚು ಹಾಕಿದರೆ ಉಂಡು ಮಲಗುತ್ತವೆ. ಗಾಳಕ್ಕೆ ಮೈದಾ ಮತ್ತು ಮಂಡಕ್ಕಿ ಪುಡಿ ಸಮಸಮ, ಚಪಾತಿ ಹಿಟ್ಟಿಗಿಂತ ಒಂಚೂರು ಗಟ್ಟಿ. ದಾವಣಗೆರೆಯಲ್ಲಿದ್ದು ಮಂಡಕ್ಕಿಗೆ ಬರ ಇಲ್ಲವಲ್ಲ. ಭಟ್ಟಿಯ ಕಡೆ ಹೋದರೆ ಮುರುಕು ನುಚ್ಚು ಅಗ್ಗಕ್ಕೆ ಸಿಗುತ್ತೆ. ಮಂಡಕ್ಕಿ ಬೆರೆತ ಹಿಟ್ಟು ಹಗುರ, ಕೆಸರಲ್ಲಿ ಹೂತುಹೋಗಲ್ಲ, ಕಾಟ್ಲಾ ತಳಕ್ಕೆ ಬಾಯಿ ಹಾಕೋ ಮೀನಲ್ಲ, ಅದಕ್ಕೆ ಇದೇ ಸರಿ. ಮೃಗಾಲ್ ತಳದ್ದು, ಅದಕ್ಕೆ ಬರೀ ಹಿಂಡಿ. ಜಿಲೇಬಿ ಮೀನಿಗೆ, ಅಂದರೆ ತಿಲಾಪಿಯಾಕ್ಕೆ, ಎರೆಹುಳ. ಕೊರವ ಅನ್ನೋ ಮೀನಿಗೆ ಕಿರುಮೀನು. ಚಳಿ ಪೂರ್ತಿ ಬಿಡದ ವಾರಗಳಲ್ಲಿ ಉಂಡೆ ಬಟಾಣಿಗಿಂತ ದೊಡ್ಡದು ಮಾಡಬೇಡಿ.

ಸಾಮಾನು ಹೆಚ್ಚು ಬೇಡ. 0.30 ಮಿಲಿಮೀಟರ್ ತಂಗೂಸಿ ದಾರ, 8ನೇ ನಂಬರ್ ಗಾಳ, ನೀರ ಮೇಲೆ ತೇಲಿ ಕಚ್ಚು ತೋರಿಸೋಕೆ ನವಿಲುಗರಿಯ ದಂಟಿನ ಬೆಂಡು. ಸೀಸದ ಗುಂಡು ನಾನು ಕೊಳ್ಳೋದಿಲ್ಲ. ಅಂಗಡಿಯಲ್ಲಿ ಬೆಸುಗೆ ತಂತಿ ಇದೆ, ದಾರಕ್ಕೆ ನಾಲ್ಕು ಸುತ್ತು ಸುತ್ತಿ ಅರ್ಧ ಸುತ್ತು ಬಿಚ್ಚಿ ತೂಕ ಸರಿಮಾಡಿಕೊಳ್ಳಬಹುದು, ಗುಂಡಿನಲ್ಲಿ ಆ ಸುಖ ಇಲ್ಲ. ಬೆಂಡು ಜಾರದ ಹಾಗೆ ಹಿಡಿಯೋಕೆ ವೈಂಡಿಂಗಿಗೆ ಹಾಕೋ ಸ್ಲೀವ್ ಕೊಳವೆಯ ಚೂರು. ಬೆಂಡಿನ ತುದಿ ಒಂದು ಬೆರಳಿನಷ್ಟೇ ಮೇಲೆ ಕಾಣಬೇಕು. ತಣ್ಣೀರಿನಲ್ಲಿ ಮೀನು ಎಳೆಯಲ್ಲ, ಚೀಪುತ್ತೆ. ಬೆಂಡು ಮುಳುಗೋಕೆ ಕಾದರೆ ಕೆಟ್ಟಿರಿ. ಅದು ಒಂದು ಸಲ ಎದ್ದು ಅಡ್ಡ ಮಲಗಿದರೂ ಅದೇ ಕಚ್ಚು, ಮಣಿಕಟ್ಟಲ್ಲಿ ಎಳೆಯಿರಿ.

ಇನ್ನು ಹೊಳೆ. ಹರಿಹರದ ತುಂಗಭದ್ರೆ ಈ ಹೊತ್ತಿಗೆ ಅರ್ಧ ಮರಳು, ಅರ್ಧ ನೀರು. ಮಡು, ನಡುವೆ ಸಣ್ಣ ಹರಿವು, ಮತ್ತೆ ಮಡು. ಹರಿವು ಮಡುವಿಗೆ ಬಂದು ಬಿದ್ದು ಸೋಲುತ್ತಲ್ಲ, ಆ ಸೋಲುವ ಅಂಚಿಗೆ ಎರೆ ಬಿಡಿ. ಮೀನು ಹರಿವಿನಲ್ಲಿ ನಿಂತು ಮೈ ದಣಿಸಿಕೊಳ್ಳಲ್ಲ, ಪಕ್ಕದಲ್ಲಿ ನಿಂತು ಬಂದದ್ದನ್ನು ಬಾಯಿಗೆ ಹಾಕಿಕೊಳ್ಳುತ್ತೆ. ಬಾಳೆ ಮೀನು ಬೇಕು ಅಂದರೆ ಸಂಜೆ ಕತ್ತಲಾಗುವ ಹೊತ್ತು, ಕಿರುಮೀನಿನ ಎರೆ. ಆದರೆ ನೀರಿಗೆ ಇಳಿಯಬೇಡಿ. ಮರಳು ತೆಗೆದ ಗುಂಡಿಗಳು ಮೇಲಿಂದ ಕಾಣಲ್ಲ, ಮೊಣಕಾಲಿನಿಂದ ಒಂದೇ ಹೆಜ್ಜೆಗೆ ತಲೆ ಮೇಲೆ ನೀರು. ಮೊಸಳೆಯೂ ಈ ಹೊಳೆಯಲ್ಲಿ ಉಂಟು, ಚಳಿಗಾಲದ ಬಿಸಿಲಿಗೆ ಅದೂ ದಡಕ್ಕೆ ಬಂದು ಮೈ ಕಾಯಿಸುತ್ತೆ. ನಿಮಗೂ ಅದಕ್ಕೂ ಇಷ್ಟವಾಗೋ ಜಾಗ ಒಂದೇ ಅನ್ನೋದು ನೆನಪಿರಲಿ.

ಹಿರಿಯೂರಿನ ಮಾರಿಕಣಿವೆಗೆ ವರ್ಷಕ್ಕೊಂದು ಸಲ ಹೋಗ್ತೇನೆ. ಎರಡು ಗುಡ್ಡದ ಸಂದಿಗೆ ವೇದಾವತಿಗೆ ಅಡ್ಡ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟೆ, ನೀರು ಆಳ, ತಿಳಿ. ಆಳದ ನೀರು ಕಾಯೋದು ನಿಧಾನ, ಹಾಗಾಗಿ ಸೂಳೆಕೆರೆಯಲ್ಲಿ ಫೆಬ್ರವರಿಯಲ್ಲಿ ನಡೆಯೋದು ಇಲ್ಲಿ ಮಾರ್ಚಿಗೆ. 1933ರ ನಂತರ ಕೋಡಿ ಬಿದ್ದಿದ್ದು 2022ರಲ್ಲಿ. ಬಹಳ ವರ್ಷ ಒಣಗಿದ್ದ ಅಂಚಿನಲ್ಲಿ ಬೆಳೆದ ಬಳ್ಳಾರಿ ಜಾಲಿಯೆಲ್ಲ ಆಗ ಮುಳುಗಿತು. ಮೀನಿಗೆ ಅದು ಮನೆ, ನನ್ನ ಗಾಳಗಳಿಗೆ ಸ್ಮಶಾನ. ಒಂದೇ ಬೆಳಿಗ್ಗೆ ಒಂಬತ್ತು ಗಾಳ ಕಳೆದುಕೊಂಡು ಬಂದಿದ್ದೇನೆ. ತಿಳಿ ನೀರಿನಲ್ಲಿ ನಿಮ್ಮ ನೆರಳೂ ಕಾಣುತ್ತೆ. ಸೂರ್ಯ ಬೆನ್ನಿಗಿರದ ಹಾಗೆ, ದಡದಿಂದ ನಾಲ್ಕು ಹೆಜ್ಜೆ ಹಿಂದೆ ಕೂರಿ.

ಮಾರ್ಚ್ ಬಂತು ಅಂದರೆ ಮೇಲೆ ಹೇಳಿದ್ದೆಲ್ಲ ತಿರುಗಾಮುರುಗಾ. ದಡದ ನೀರು ಮಧ್ಯಾಹ್ನ 30 ದಾಟಿದರೆ ಅಂಗಳ ಬಿಡಿ, ಏರಿ ಕಡೆ ಹೋಗಿ. ಹೊತ್ತೂ ಬದಲು, ಆರರಿಂದ ಎಂಟೂವರೆ, ಆಮೇಲೆ ಸಂಜೆ ಐದರ ನಂತರ. ಬೇಸಿಗೆ ಭತ್ತಕ್ಕೆ ಭದ್ರಾ ನಾಲೆಗೆ ನೀರು ಬಿಟ್ಟಿದ್ದರೆ, ನಾಲೆಯ ಹೆಚ್ಚುವರಿ ನೀರು ಬಂದು ಬೀಳುವ ಸಣ್ಣ ಕೆರೆಗಳನ್ನು ಹುಡುಕಿ. ಫೆಬ್ರವರಿಯಲ್ಲಿ ಆ ತಣ್ಣನೆ ಬಾಯಿಯಿಂದ ದೂರ ಇರುವ ಮೀನು ಮಾರ್ಚಿನಲ್ಲಿ ಅಲ್ಲೇ ಗುಂಪು ಕಟ್ಟುತ್ತೆ, ತಂಪು, ಉಸಿರು, ಊಟ ಮೂರೂ ಅಲ್ಲಿ. ನಾಲೆ ಆನ್ ಇದೆಯೋ ಆಫ್ ಇದೆಯೋ ರೈತರನ್ನು ಕೇಳಿಕೊಂಡೇ ಹೊರಡಿ. ಆಫ್ ಆದ ಎರಡನೇ ದಿನ ನಾನು ಹೋಗಿ ಕಪ್ಪೆ ನೋಡಿಕೊಂಡು ಬಂದಿದ್ದೇನೆ.

ಹಸಿರು ತಿರುಗಿದ ಕೆರೆಯಲ್ಲಿ ಬೆಳಗಾಗುವಾಗ ಮೀನು ಮೇಲೆ ಬಂದು ಬಾಯಿ ಬಾಯಿ ಬಿಡ್ತಿದ್ದರೆ ಹೊಸಬರು ಹಿಗ್ಗುತ್ತಾರೆ. ಅದು ಹಸಿವಲ್ಲ, ಉಸಿರುಗಟ್ಟಿರೋದು. ರಾತ್ರಿಯಿಡೀ ಪಾಚಿಯೇ ನೀರಿನ ಆಮ್ಲಜನಕ ಹೀರಿರುತ್ತೆ. ಆವತ್ತು ಯಾವ ಎರೆಯೂ ನಡೆಯಲ್ಲ. ಗಾಳ ಸುತ್ತಿಕೊಂಡು ಟೀ ಕುಡಿದು ಬನ್ನಿ.

ಕೆರೆಗಳ ಮೀನಿನ ಹಕ್ಕು ಸಾಮಾನ್ಯವಾಗಿ ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಹೋಗಿರುತ್ತೆ, ದಡದಲ್ಲಿ ದೋಣಿ ಕಟ್ಟಿದವರನ್ನು ಕೇಳಿ, ಒಪ್ಪಿದರೆ ಕೂರಿ. ಊರಿಗೆ ಕುಡಿಯೋ ನೀರು ಕೊಡೋ ಕೆರೆ ಬೇಡ. ಚಳಿ ತಿಂಗಳಲ್ಲಿ ಕೊರವನ ಮೈಮೇಲೆ ಕೆಂಪು ಹುಣ್ಣು ಕಾಣಬಹುದು, ಅದೊಂದು ರೋಗ, ಅಂಥದ್ದನ್ನು ತಿನ್ನಬೇಡಿ, ಬೇರೆ ಕೆರೆಗೆ ಒಯ್ದು ಬಿಡಲೂಬೇಡಿ. ಕೆರೆ ಮೀನಿನ ಕೆಸರು ವಾಸನೆಗೆ ನಮ್ಮನೆಯವಳು ಉಪ್ಪು ಹುಣಸೆಹಣ್ಣು ತಿಕ್ಕಿ ಅರ್ಧ ಗಂಟೆ ಇಡ್ತಾಳೆ. ಹುಳಿಗೆ ಆ ವಾಸನೆ ಸೋಲುತ್ತೆ. ಮುದ್ದೆ ಜೊತೆ ಜಿಲೇಬಿ ಸಾರು ಉಂಡವರು ರೋಹುವಿನ ಹೆಸರೆತ್ತಲ್ಲ, ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರಬೇಡಿ.

ಈ ಸಲ ಅಂಗಡಿಗೆ ಮೊದಲ ಸುಟ್ಟ ಮೋಟರ್ ಬಂದಿದ್ದು ಮಾರ್ಚ್ ಎರಡನೇ ವಾರ, ಐದು ಎಚ್‌ಪಿ. ತಂದ ಹುಡುಗನ ಹೊಲ ಕೆರೆ ಪಕ್ಕದ್ದೇ. ಕೇಸಿಂಗ್ ಬಿಚ್ಚುತ್ತಾ ನೀರು ಹೆಂಗೈತೆ ಅಂತ ಕೇಳಿದೆ. "ಹಸ್ರಾಗೈತಣ್ಣ, ಬೆಳಿಗ್ಗೆ ಬೆಳಿಗ್ಗೆ ಮೀನು ಮೇಲೆ ಬಂದು ಬಾಯಿ ಬಿಡ್ತಾವೆ" ಅಂದ. ಆವತ್ತೇ ಸಂಜೆ ದಾರ ಸುತ್ತಿ, ಬೆಂಡುಗಳನ್ನ ಡಬ್ಬಿಗೆ ಹಾಕಿ ಅಟ್ಟದ ಮೇಲಿಟ್ಟೆ.