ಕಾಡಿನ ಬೆಳವಣಿಗೆಯ ಕಂಪ್ಯೂಟರ್ ಮಾದರಿ: ಪಿಎಚ್.ಡಿ.ಗೆ ಸಿದ್ಧವಾಗುವ ಬಗೆ

ಒಂದು ಕಾಡು ಮುಂದಿನ 50 ವರ್ಷಗಳಲ್ಲಿ ಹೇಗೆ ಬೆಳೆಯಬಹುದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಸಂಶೋಧನೆಗೆ ಸೇರಬಯಸುವವರು ಸಾಮಾನ್ಯವಾಗಿ ಮೊದಲು ಸಂಸ್ಥೆಗಳ ಹೆಸರು ಹುಡುಕುತ್ತಾರೆ. ನನ್ನ ಸಲಹೆ ಬೇರೆ: ಒಂದೇ ಕಾಡಿನ ಮರಗಳನ್ನು ಮತ್ತೆ ಮತ್ತೆ ಅಳೆದ ದಾಖಲೆ ಯಾರ ಬಳಿ ಇದೆ ಎಂಬುದನ್ನು ಮೊದಲು ಹುಡುಕಿ. ಮರ ಎಷ್ಟು ದಪ್ಪವಾಯಿತು, ಯಾವುದು ಸತ್ತಿತು, ಯಾವುದು ಹೊಸದಾಗಿ ಹುಟ್ಟಿತು ಎಂಬ ಮೂರು ಲೆಕ್ಕಗಳ ಮೇಲೆ ಮಾದರಿ, ಅಂದರೆ ಕಾಡಿನ ಬೆಳವಣಿಗೆಯನ್ನು ಅನುಕರಿಸುವ ಕಂಪ್ಯೂಟರ್ ಲೆಕ್ಕಾಚಾರ, ನಿಲ್ಲುತ್ತದೆ. ಈ ಮೂರೂ ಸಿಗುವುದು ಅಂಥ ದಾಖಲೆಯಿಂದಲೇ.

ಬೆಂಗಳೂರಿನವರಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರವು 1988ರಲ್ಲಿ ಬಂಡೀಪುರಕ್ಕೆ ಹೊಂದಿಕೊಂಡ ಮುದುಮಲೆಯ ಕಾಡಿನಲ್ಲಿ 50 ಹೆಕ್ಟೇರ್ ಜಾಗವನ್ನು ಗುರುತಿಸಿ, ಅಲ್ಲಿ 1 ಸೆಂ.ಮೀ.ಗಿಂತ ದಪ್ಪವಿರುವ ಪ್ರತಿಯೊಂದು ಕಾಂಡಕ್ಕೂ ಸಂಖ್ಯೆ ಕೊಟ್ಟು ಅಳೆಯಲು ಆರಂಭಿಸಿತು. ಈ ದಾಖಲೆ ಏಕೆ ಮುಖ್ಯ ಎಂಬುದಕ್ಕೆ ಬೇರೆಡೆಯ ಒಂದು ಮಾದರಿಯನ್ನು ನೋಡಿ: 1972ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರಿನ ಕಾಡಿಗಾಗಿ ರೂಪುಗೊಂಡ ಜಬೋವಾ ಮಾದರಿಯು ಬೆಳಕು, ತಾಪಮಾನ ಮತ್ತು ನೀರಿನ ಆಧಾರದ ಮೇಲೆ ಒಂದೊಂದು ಮರದ ವಾರ್ಷಿಕ ಬೆಳವಣಿಗೆಯನ್ನು ಲೆಕ್ಕ ಹಾಕುತ್ತಿತ್ತು. ಆ ಬಗೆಯ ಲೆಕ್ಕದಲ್ಲಿ ಆನೆಗೆ ಜಾಗವಿರಲಿಲ್ಲ. ಮುದುಮಲೆಯಲ್ಲಾದರೋ ಆನೆಗಳು ಕಿಡಿಯಾ ಕ್ಯಾಲಿಸಿನಾ ಎಂಬ ಸಣ್ಣ ಮರಗಳನ್ನು ಮುರಿದು ತಿಂದು, ಆ ಮರಗಳ ಸಂಖ್ಯೆಯೇ ತೀರಾ ಕುಸಿಯಿತು. ಬೇಸಿಗೆಯ ನೆಲಬೆಂಕಿ ಎಳೆಯ ಗಿಡಗಳನ್ನು ಸುಡುತ್ತದೆ. ಬೇರೆಡೆ ಹುಟ್ಟಿದ ಮಾದರಿಗೆ ಇಂಥ ಸಂಗತಿಗಳನ್ನು ಸೇರಿಸುವುದು ಹೇಗೆ ಎಂಬುದೇ ಒಂದು ಒಳ್ಳೆಯ ಪಿಎಚ್.ಡಿ. ಪ್ರಶ್ನೆ.

ಅರ್ಜಿ ಹಾಕುವ ಮುಂಚೆ ಒಮ್ಮೆಯಾದರೂ ಕೈಯಾರೆ ಮರ ಅಳೆಯಿರಿ. ಕಾಂಡದ ಸುತ್ತ ಹಿಡಿದು ಅಳೆಯುವ ವ್ಯಾಸದ ಟೇಪಿನ ಒಂದು ಮುಖದಲ್ಲಿ ಸುತ್ತಳತೆ 94.2 ಸೆಂ.ಮೀ. ಎಂದಿದ್ದರೆ ಇನ್ನೊಂದು ಮುಖದಲ್ಲಿ ವ್ಯಾಸ 30 ಎಂದಿರುತ್ತದೆ. ಟೇಪು ಸ್ವಲ್ಪ ಓರೆಯಾಗಿ ಸುತ್ತಳತೆಯಲ್ಲಿ ಅರ್ಧ ಸೆಂ.ಮೀ. ಹೆಚ್ಚಿದರೂ ವ್ಯಾಸದಲ್ಲಿ 1.6 ಮಿ.ಮೀ. ತಪ್ಪು ನುಸುಳುತ್ತದೆ. ಒಣ ಕಾಡಿನ ಎಷ್ಟೋ ಮರಗಳು ವರ್ಷಕ್ಕೆ ಬೆಳೆಯುವುದೇ ಕೆಲವು ಮಿಲಿಮೀಟರ್! ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ ತೊಗಟೆ ಬೇಸಿಗೆಯಲ್ಲಿ ಕುಗ್ಗುವುದರಿಂದ, ಅಳತೆಯ ತಿಂಗಳು ಬದಲಾದರೆ ಮರ ಸಣ್ಣದಾದಂತೆಯೂ ಕಾಣಬಹುದು. ಇನ್ನೊಂದು ಎಚ್ಚರಿಕೆ: ಮರದ ದಪ್ಪವನ್ನು ಅಳೆಯುವುದು ಎದೆಯೆತ್ತರದಲ್ಲಿ; ಭಾರತದ ಅರಣ್ಯ ಇಲಾಖೆಗಳ ರೂಢಿಯಲ್ಲಿ ಎದೆಯೆತ್ತರ ಎಂದರೆ 1.37 ಮೀಟರ್, ಅಂತರರಾಷ್ಟ್ರೀಯ ಸಂಶೋಧನಾ ತಾಕುಗಳಲ್ಲಿ ಅದು 1.3 ಮೀಟರ್. ಇವೆರಡನ್ನೂ ಗಮನಿಸದೆ ಬೆರೆಸಿದರೆ ಮುಂದಿನ ಲೆಕ್ಕವೆಲ್ಲ ಕೆಡುತ್ತದೆ.

ಸಂಸ್ಥೆಗಳ ವಿಷಯಕ್ಕೆ ಬಂದರೆ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲದೆ ಸಂರಕ್ಷಣಾ ವಿಜ್ಞಾನದಲ್ಲಿ ಪಿಎಚ್.ಡಿ. ನಡೆಸುವ ಏಟ್ರೀ (ATREE) ಎಂಬ ಪರಿಸರ ಸಂಶೋಧನಾ ಸಂಸ್ಥೆ ಇದೆ. ಮಲ್ಲೇಶ್ವರದ 18ನೇ ಕ್ರಾಸಿನ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡುತ್ತ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯ ಪದವಿಗೆ ನೋಂದಾಯಿಸಬಹುದು. ಗೇಟ್ ಅಥವಾ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಅರ್ಹತೆಯನ್ನು ಮೊದಲೇ ಪಡೆದಿಡಿ. ಜೆಆರ್‌ಎಫ್ (ಸಂಶೋಧನಾ ವಿದ್ಯಾರ್ಥಿವೇತನ) ಸಿಕ್ಕಿದವರಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ದೊರೆಯುತ್ತದೆ. ಹೊರದೇಶದ ಬಗ್ಗೆ ಯೋಚಿಸುವವರು, ಉಷ್ಣವಲಯದ ಕಾಡುಗಳಿಗೂ ಬಳಕೆಯಾಗುವ ಫಾರ್ಮೈಂಡ್ ಮಾದರಿ ಬೆಳೆದ ಜರ್ಮನಿಯ ಲೈಪ್‌ಜಿಗ್ ಮತ್ತು ಎಲ್‌ಪಿಜೆ-ಗೆಸ್ ಮಾದರಿಯ ತಂಡವಿರುವ ಸ್ವೀಡನ್ನಿನ ಲುಂಡ್ ನಗರಗಳತ್ತ ಗಮನ ಕೊಡಬಹುದು. ಆ ದೇಶಗಳಲ್ಲಿ ಪಿಎಚ್.ಡಿ. ಎಂಬುದು ಬಹುಮಟ್ಟಿಗೆ ಸಂಬಳದ ಉದ್ಯೋಗವಾಗಿದ್ದು, ಹುದ್ದೆಗಳ ಪ್ರಕಟಣೆ ನೋಡಿ ಅರ್ಜಿ ಹಾಕಬೇಕು.

ಗೈಡ್‌ಗೆ ಮೇಲ್ ಬರೆಯುವಾಗ ಕಾಡಿನ ಮೇಲಿನ ಪ್ರೀತಿಯನ್ನು ಒಂದು ಸಾಲಿನಲ್ಲಿ ಹೇಳಿ, ಉಳಿದ ಜಾಗವನ್ನು ನಿಮ್ಮ ಕೆಲಸಕ್ಕೆ ಬಿಡಿ. ಆರ್ ಅಥವಾ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನೂರು ಮರಗಳ ಸಣ್ಣ ಮಾದರಿಯೊಂದನ್ನು ಬರೆದು, ಸಾವಿನ ಪ್ರಮಾಣವನ್ನು ತುಸು ಬದಲಿಸಿದಾಗ ಫಲಿತಾಂಶ ಎಷ್ಟು ಬದಲಾಯಿತು ಎಂಬ ಗ್ರಾಫನ್ನು ಲಗತ್ತಿಸಿ, ನಿಮ್ಮ ಮಾದರಿ ಎಲ್ಲಿ ತಪ್ಪುತ್ತದೆ ಎಂಬುದನ್ನೂ ನೀವೇ ಬರೆಯಿರಿ. ನಿಮ್ಮನ್ನು ತೆಗೆದುಕೊಳ್ಳಲು ಅವರು ಒಪ್ಪಿದ ಮೇಲೂ ಅವಸರ ಬೇಡ. ಆ ಲ್ಯಾಬಿನ ಈಗಿನ ವಿದ್ಯಾರ್ಥಿಗಳನ್ನು ಭೇಟಿಯಾಗಿ, ದತ್ತಾಂಶ ಯಾರ ಹೆಸರಿನಲ್ಲಿದೆ, ಅದನ್ನು ನಿಮ್ಮ ಪ್ರಬಂಧದಲ್ಲಿ ಬಳಸಲು ಯಾರ ಅನುಮತಿ ಬೇಕು, ಕಾಡಿಗೆ ಹೋಗಲು ಅರಣ್ಯ ಇಲಾಖೆಯ ಪರವಾನಗಿಗೆ ಎಷ್ಟು ತಿಂಗಳು ಕಾಯಬೇಕಾಯಿತು ಎಂದು ಕೇಳಿ ತಿಳಿದುಕೊಂಡ ನಂತರವೇ ಒಪ್ಪಿಗೆ ಕೊಡಿ.