ಏಳರಲ್ಲಿ ದೂರು, ನಾಲ್ಕರಲ್ಲಿ ಭರವಸೆ: 13ನೆಯ ಕೀರ್ತನೆಗೆ ಪಿಯಾನೊ

ನಾಳೆಯ ಖಾತ್ರಿ ಇಲ್ಲದ ದಿನಗಳಲ್ಲಿ ಧ್ಯಾನದ ಪಿಯಾನೊ ಬರೆಯಲು ಕೂತವರೆಲ್ಲ ಮೊದಲ ಬಾರ್‌ನಲ್ಲೇ (ತಾಳದ ಮೊದಲ ಸುತ್ತಿನಲ್ಲೇ) ಸಮಾಧಾನ ಹೇಳಲು ಹೊರಡುತ್ತಾರೆ. ನಾನೂ ಹಾಗೆ ಮೂರು ಕೃತಿ ಬರೆದು ಹರಿದೆ. ಕೊನೆಗೆ ಕೈಹಿಡಿದದ್ದು ಬೈಬಲ್‌ನ 13ನೆಯ ಕೀರ್ತನೆ. ಇರುವುದು ಆರೇ ವಚನ: ಎರಡರಲ್ಲಿ ದೂರು, ಎರಡರಲ್ಲಿ ಬೇಡಿಕೆ, ಎರಡರಲ್ಲಿ ಭರವಸೆ. ಕೃತಿಯ ನಕ್ಷೆಯೂ ಅದೇ. ‘ಇದರಲ್ಲಿ ಮೆಲೊಡಿಯೇ ಇಲ್ಲ, ಯಾರು ಕೇಳ್ತಾರೆ’ ಎಂದವರೇ ಈಗ ನೋಟೇಶನ್ ಕೇಳುತ್ತಿದ್ದಾರೆ.

ಮೊದಲೆರಡು ವಚನಗಳಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. ಮಾತ್ರೆ ಎಣಿಸಿ ನೋಡಿ: ಒತ್ತಕ್ಷರದ ಹಿಂದಿನ ‘ಎ’ ಗುರು, ಉಳಿದ ಐದೂ ಲಘು, ಒಟ್ಟು ಏಳು. 7/8ರ ಒಂದು ಬಾರ್ ಸಿದ್ಧ: ಗುರುವಿಗೆ ಎರಡು ಮಾತ್ರೆಯ ಒಂದು ಕ್ವಾರ್ಟರ್ ನೋಟ್, ಲಘುಗಳಿಗೆ ಒಂದೊಂದು ಮಾತ್ರೆಯ ಐದು ಎಯ್ತ್ ನೋಟ್. ಇಡೀ ಬಾರ್ ನಡು ಸಿ ಕೆಳಗಿನ ಎ ಸ್ವರದ ಮೇಲೇ ನಿಲ್ಲುತ್ತದೆ, ಹಳೆಯ ಕೀರ್ತನೆ ಪಠಣದಲ್ಲಿ ಸಾಲಿನ ಬಹುಪಾಲು ಒಂದೇ ಸ್ವರದ ಮೇಲೆ ನಿಂತ ಹಾಗೆ. ವೇಗ ನಿಮಿಷಕ್ಕೆ 104 ಎಯ್ತ್‌ಗಳ ಆಸುಪಾಸು.

ಎಡವಿದ್ದು ಇಲ್ಲೇ. ಗಂಟಲು ಒಂದೇ ಸ್ವರವನ್ನು ಒಂದು ಉಸಿರು ಮುಗಿಯುವವರೆಗೂ ಎಳೆಯಬಲ್ಲದು. ಪಿಯಾನೊದಲ್ಲಿ ಪ್ರತಿ ಪೆಟ್ಟೂ ಹುಟ್ಟಿದ ಕ್ಷಣದಿಂದ ಸಾಯುತ್ತಿರುತ್ತದೆ. ಐದು ಎಯ್ತ್‌ಗಳು ಟೈಪ್‌ರೈಟರ್ ಆಗಿಬಿಟ್ಟವು. ಆ ಸ್ವರವನ್ನು ಎರಡೂ ಕೈಯ ಹೆಬ್ಬೆರಳಿಗೆ ಸರದಿಯಲ್ಲಿ ಹಂಚಿದ ಮೇಲೆ ಸರಿಹೋಯಿತು. ತಂತಿಗಳು ಅಡ್ಡ ಮಲಗಿರುವ ಗ್ರ್ಯಾಂಡ್ ಪಿಯಾನೊದಲ್ಲಿ ಕೀಲಿ ಪೂರ್ತಿ ಮೇಲೇಳುವ ಮೊದಲೇ ಮತ್ತೆ ಒತ್ತಬಹುದು. ತಂತಿಗಳು ನೆಟ್ಟಗೆ ನಿಂತಿರುವ ಅಪ್‌ರೈಟ್‌ನಲ್ಲಿ ಹೆಚ್ಚು ಮೇಲೇಳಬೇಕು, ಇಲ್ಲವಾದರೆ ಮೆಲ್ಲಗೆ ನುಡಿಸುವಾಗ ನಡುನಡುವೆ ಸ್ವರವೇ ಹುಟ್ಟುವುದಿಲ್ಲ.

ಎಡಗೈಗೆ ಮೊದಲು ಡಿ, ಸಿ, ಬಿ ಫ್ಲಾಟ್, ಎ ಎಂದು ಇಳಿಯುವ ಬಾಸ್ ಹಾಕಿದ್ದೆ. ಶೋಕಗೀತೆಗೆ ಶತಮಾನಗಳಿಂದ ಸವೆದ ದಾರಿ ಅದು. ಕೇಳಿದರೆ ಸಿನಿಮಾದ ಅಳುವ ದೃಶ್ಯ. ತೆಗೆದೆ. ಈಗ ಮೂರು ಪ್ರಶ್ನೆಗೂ ಬಾಸ್ ಡಿ ಬಿಟ್ಟು ಕದಲುವುದಿಲ್ಲ, ನಾಲ್ಕನೆಯದಕ್ಕೆ ಮಾತ್ರ ಬಿ ಫ್ಲಾಟ್‌ಗೆ ಕುಸಿಯುತ್ತದೆ.

ಬೇಡಿಕೆಯ ವಚನಗಳಿಗೆ ಒಂದು ಪ್ರಯೋಗ ಮಾಡಿದೆ: ಬಲಗೈ ಮೆಟ್ಟಿಲು ಮೆಟ್ಟಿಲಾಗಿ, ಎಡಗೈ ಡಿ, ಎಫ್, ಎ ಮೂರರಲ್ಲೇ. ಹನ್ನೆರಡು ಬಾರ್ ದಾಟಿದರೆ ಆಟಿಕೆ ಪೆಟ್ಟಿಗೆಯ ಸದ್ದು. ಎಂಟು ಬಾರ್ ಉಳಿಸಿಕೊಂಡೆ.

ಐದನೆಯ ವಚನದಲ್ಲಿ ಮಾತು ತಿರುಗುತ್ತದೆ. ಆ ತಿರುವಿಗೆ ನಾನಿಟ್ಟುಕೊಂಡ ಪದ ‘ಆದರೆ’. ಗುರು, ಲಘು, ಲಘು: ನಾಲ್ಕು ಮಾತ್ರೆ. ಹಾಗಾಗಿ ಅಲ್ಲಿಂದ ಕೊನೆಯವರೆಗೆ 4/8. ಬದಲಾಗುವ ಸ್ವರ ಒಂದೇ, ಬಿ ಫ್ಲಾಟ್ ಹೋಗಿ ಅದಕ್ಕಿಂತ ಅರ್ಧ ಮೆಟ್ಟಿಲು ಮೇಲಿನ ಬಿ ನ್ಯಾಚುರಲ್. ಮಂಕಾದ ಜಿ ಮೈನರ್ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ) ಇದ್ದ ಕಡೆ ಬೆಳಕಿನ ಜಿ ಮೇಜರ್. ಮೊದಲ ಕರಡಿನಲ್ಲಿ ಡಿ ಮೇಜರ್‌ನಲ್ಲಿ ಭರ್ಜರಿಯಾಗಿ ಮುಗಿಸಿದ್ದೆ, ಸುಳ್ಳು ಸಾಕ್ಷಿಯ ಹಾಗೆ ಕೇಳಿಸಿತು. ಈಗ ಡಿ ಮೇಜರ್‌ನ ಗುರುತಾದ ಎಫ್ ಶಾರ್ಪ್ ಬರುವುದು ಮುಗಿಯಲು ಮೂರು ಬಾರ್ ಇರುವಾಗ, ಒಳಧ್ವನಿಯಲ್ಲಿ, ಒಂದೇ ಸಲ. ಕೊನೆಯ ಕಾರ್ಡ್‌ನಲ್ಲಿ ಡಿ ಮತ್ತು ಎ ಮಾತ್ರ. ದೂರಿಗೆ 28 ಬಾರ್, ಬೇಡಿಕೆಗೆ 24, ಭರವಸೆಗೆ 36. ಒಟ್ಟು ಹೆಚ್ಚುಕಡಿಮೆ ಐದು ನಿಮಿಷ.

‘ಆದರೆ’ಗೆ ಮುಂಚೆ ಒಂದು ಮೌನವಿದೆ. ಬರೀ ಫರ್ಮಾಟಾ (‘ಇಲ್ಲಿ ತಡೆದು ನಿಲ್ಲಿ’ ಎಂಬ ಗುರುತು) ಹಾಕಿದರೆ ನುಡಿಸುವವರು ಎರಡೇ ಎಣಿಕೆಗೆ ಓಡುತ್ತಾರೆ, ಅದಕ್ಕೇ ‘ಎಂಟು ಎಣಿಸಿ’ ಎಂದು ಬರೆದಿಟ್ಟಿದ್ದೇನೆ. ಸ್ವರ ಹಿಡಿದಿಡುವ ಪೆಡಲ್ ಬಿಡಬಾರದು, ಕೆಳಗಿನ ಡಿ ತಾನಾಗಿ ಆರಬೇಕು. ಆ ಎಂಟರೊಳಗೆ ಎಡಗೈ ಸದ್ದಿಲ್ಲದೆ ಒತ್ತಿ ಹಿಡಿಯುವ ಕೀಲಿಗಳು ಯಾವುವು ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ದುಡ್ಡು ಹಾಳಾದದ್ದು ಸ್ಯಾಂಪಲ್ ಲೈಬ್ರರಿಯಲ್ಲಿ, ಅಂದರೆ ಕಂಪ್ಯೂಟರಿನಲ್ಲಿ ನುಡಿಸಲು ಮೊದಲೇ ಮುದ್ರಿಸಿಟ್ಟ ಪಿಯಾನೊ ಸ್ವರಗಳ ಸಂಗ್ರಹದಲ್ಲಿ. ಎರಡು ವರ್ಷದ ಟ್ಯೂನಿಂಗ್ ಖರ್ಚು ಅದಕ್ಕೇ ಹೋಯಿತು, ಫಲ ಬರೀ ಗೊಜ್ಜು. ತಪ್ಪು ಲೈಬ್ರರಿಯದ್ದಲ್ಲ: ನನ್ನ ಪೆಡಲ್ ಬರೀ ಆನ್, ಆಫ್. ಈ ಕೃತಿಗೆ ಬಾರ್‌ಗೊಮ್ಮೆ ಅರ್ಧ ಪೆಡಲ್, ಅಂದರೆ ಪೂರ್ತಿ ಒತ್ತದೆ ಪೂರ್ತಿ ಬಿಡದೆ ಹಿಡಿಯುವುದು, ಬೇಕೇ ಬೇಕು. ಸಿಸಿ 64ರಲ್ಲಿ (ಪೆಡಲ್ ಎಷ್ಟು ಒತ್ತಿದೆ ಎಂದು ಕಂಪ್ಯೂಟರಿಗೆ ಹೇಳುವ ಮಿಡಿ ಸಂಕೇತ) 0ಯಿಂದ 127ರವರೆಗಿನ ಅಂಕಿಗಳನ್ನು ಕಳಿಸುವ ಪೆಡಲ್ ಆಗಿರಬೇಕು. ಅದಕ್ಕೆ ಲೈಬ್ರರಿಯ ಖರ್ಚಿನ ಆರನೇ ಒಂದು ಪಾಲೂ ಆಗಲಿಲ್ಲ.

ಅಪ್‌ರೈಟ್‌ನ ಸುತ್ತಿಗೆಗೂ ತಂತಿಗೂ ನಡುವೆ ಎರಡು ಮೂರು ಮಿಲಿಮೀಟರ್ ದಪ್ಪದ ಉಣ್ಣೆ ಫೆಲ್ಟ್ ಇಳಿಬಿಟ್ಟೂ ನೋಡಿದೆ. ಪೆಟ್ಟು ಮೆತ್ತಗಾಯಿತು, ನಿಜ. ಆದರೆ ಮೈಕಿನ ಗೇನ್ (ಸದ್ದು ಹಿಡಿಯುವ ಮಟ್ಟ) ಏರಿಸಬೇಕಾಗಿ ಬಂದು ಕೀಲಿಯ ಟಕಟಕ, ಬೆಂಚಿನ ಕಿರುಗುಟ್ಟು ಎಲ್ಲ ಒಳಬಂದವು. ಫೆಲ್ಟ್ ತೆಗೆದು ಮೈಕುಗಳನ್ನು ಒಂದು ಮೊಳ ಹಿಂದಕ್ಕಿಟ್ಟೆ. ಬೆಂಚಿನ ಸ್ಕ್ರೂ ಬಿಗಿ ಮಾಡಿದೆ.